ಗೋಲಗುಮ್ಮಟದ ಕಲ್ಲು, ರಿಯೂನಿಯನ್ ದ್ವೀಪದ ಅಲೆ

[ದೃಶ್ಯ: ಗೋಲಗುಮ್ಮಟದ ಹೊರಗೋಡೆ, ತೀರ ಹತ್ತಿರದಿಂದ]

ನಮಸ್ಕಾರ. ಬಾಗಲಕೋಟೆಯ ವೀಕ್ಷಕರೊಬ್ಬರು ಕೇಳಿದ್ದಾರೆ: "ಸಮುದ್ರ ನೋಡಲು ರಾತ್ರಿ ಬಸ್ ಹತ್ತಬೇಕಾದ ನಮಗೆ ಸರ್ಫಿಂಗ್ ಏತಕ್ಕೆ, ಸರ್?" ಉತ್ತರ ನನ್ನ ಬೆನ್ನ ಹಿಂದಿನ ಗೋಡೆಯಲ್ಲಿದೆ.

ಹಲಗೆಯ ಮೇಲೆ ನಿಂತು ಅಲೆಯ ಇಳಿಜಾರಿನಲ್ಲಿ ಜಾರುವುದು ಸರ್ಫಿಂಗ್. ಅಷ್ಟು ಗೊತ್ತಿದ್ದರೆ ಸಾಕು. ಮಡಗಾಸ್ಕರ್‌ನ ಪೂರ್ವಕ್ಕೆ, ಫ್ರಾನ್ಸ್‌ಗೆ ಸೇರಿದ ರಿಯೂನಿಯನ್ ಎಂಬ ಜ್ವಾಲಾಮುಖಿ ದ್ವೀಪವಿದೆ. ಅದರ ಪಶ್ಚಿಮ ತೀರದ ಸ್ಯಾಂ-ಲ್ಯೂ ಊರಿನ ಎದುರು, ಹವಳದ ದಿಬ್ಬದ ಮೇಲೆ ಮುರಿಯುವ 'ಎಡದ ಅಲೆ' ಸರ್ಫರುಗಳಲ್ಲಿ ಹೆಸರುವಾಸಿ.

ಯಾರ ಎಡ? ದಡದಲ್ಲಿ ನಿಂತವನಿಗೆ ಅದು ಬಲಕ್ಕೆ ಓಡುತ್ತದೆ! ಕೃಷ್ಣೆಯ ಎಡದಂಡೆ ಕಾಲುವೆಯನ್ನು ನೆನಪಿಸಿಕೊಳ್ಳಿ. ನೀರು ಹರಿಯುವತ್ತ ಮುಖ ಮಾಡಿದರೆ ಎಡಕ್ಕೆ ಸಿಗುವುದೇ ಎಡದಂಡೆ. ಇಲ್ಲಿಯೂ ಅಲೆಯ ಜೊತೆ ದಡಕ್ಕೆ ಬರುವವನ ಎಡವೇ ಲೆಕ್ಕ.

[ದೃಶ್ಯ: ಒಲೆ, ರೊಟ್ಟಿ]

ಈಗ ಕಲ್ಲಿಗೆ ಬರೋಣ. ಉರಿಯುವ ಕೆಂಡದ ಮೇಲೆ ರೊಟ್ಟಿಯನ್ನು ನಿಧಾನವಾಗಿ ಸರಿಸುತ್ತಾ ಹೋಗಿ. ಕೆಂಡ ಒಂದೇ, ಆದರೆ ಕಪ್ಪು ಕಲೆಗಳ ಸಾಲೇ ಬೀಳುತ್ತದೆ. ಭೂಮಿಯ ಆಳದಲ್ಲಿ ಅಂಥದೊಂದು ಕೆಂಡವಿದೆ, ಭಾರತವನ್ನು ಹೊತ್ತ ಭೂಫಲಕ ಅದರ ಮೇಲಿಂದ ಉತ್ತರಕ್ಕೆ ಸರಿಯಿತು ಎಂಬುದು ಬಹುಪಾಲು ಭೂವಿಜ್ಞಾನಿಗಳ ವಿವರಣೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಬಿದ್ದ ದೊಡ್ಡ ಕಲೆಯೇ ನಮ್ಮ ದಖ್ಖನ್‌ನ ಕರಿಕಲ್ಲು. ಆಮೇಲೆ ಮಾಲ್ಡೀವ್ಸ್‌ನ ಹವಳದ ಕೆಳಗಿರುವ ಬೆಟ್ಟಸಾಲು, ಮಾರಿಷಸ್, ಕೊನೆಗೆ ರಿಯೂನಿಯನ್. ಅಲ್ಲಿಯ ಪಿಟೋನ್ ದ ಲಾ ಫೂರ್ನೇಸ್ ಇಂದಿಗೂ ಲಾವಾ ಉಗುಳುತ್ತದೆ.

ಅವ್ವ ಈ ಹೋಲಿಕೆಯನ್ನು ಒಪ್ಪಲಿಲ್ಲ. ಒಳ್ಳೆಯ ರೊಟ್ಟಿ ಹಾಗೆ ಸೀಯುವುದಿಲ್ಲವಂತೆ. ಆದರೆ ಆ ಕರಿಕಲ್ಲೇ ಸವೆದು ಎರೆಮಣ್ಣಾಯಿತು, ಆ ಮಣ್ಣಿನಲ್ಲಿ ಬಿಳಿಜೋಳ ಬೆಳೆಯಿತು. ಕಲೆ ಮೊದಲು, ರೊಟ್ಟಿ ಆಮೇಲೆ! ಅದೇ ಕರಿಕಲ್ಲಿನಲ್ಲಿ 1656ರ ಹೊತ್ತಿಗೆ ಈ ಗುಮ್ಮಟ ಎದ್ದಿತು.

[ದೃಶ್ಯ: ಅಲೆ, ನಿಧಾನಗತಿಯಲ್ಲಿ]

ಅಲೆ ಹುಟ್ಟುವುದು ದೂರದ ದಕ್ಷಿಣದ ಚಳಿಗಾಲದ ಬಿರುಗಾಳಿಗಳಲ್ಲಿ. ಆಳವಾದ ಕಡಲಿನಲ್ಲಿ ಓಡಿಬಂದ ಅದರ ಕಾಲು ಹವಳದ ಹೊಸ್ತಿಲಿಗೆ ಎಡವುತ್ತದೆ, ತಲೆ ಮುಂದಕ್ಕೆ ಮಗುಚುತ್ತದೆ. ಹೊಸ್ತಿಲು ಓರೆಯಾಗಿರುವುದರಿಂದ ಇಡೀ ಅಲೆ ಒಮ್ಮೆಲೇ ಬೀಳದೆ, ಚಾಪೆ ಸುತ್ತಿಕೊಂಡಂತೆ ಒಂದು ತುದಿಯಿಂದ ಇನ್ನೊಂದಕ್ಕೆ ಮಡಚಿಕೊಳ್ಳುತ್ತದೆ. ಬೆಟ್ಟದ ಹಳ್ಳ ಸಮುದ್ರ ಸೇರುವಲ್ಲಿ ಸಿಹಿನೀರು, ಕೆಸರು ಬರುವುದರಿಂದ ಹವಳ ಬೆಳೆಯುವುದಿಲ್ಲ. ಇಂಥ ದ್ವೀಪಗಳಲ್ಲಿ ಹವಳದ ಗೋಡೆಗೆ ಬಾಗಿಲು ತೆರೆದುಕೊಳ್ಳುವುದು ಅಲ್ಲಿಯೇ.

ಸಮಯ ಮುಗಿಯುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಶಾರ್ಕ್ ದಾಳಿಗಳ ನಂತರ 2013ರ ಜುಲೈನಲ್ಲಿ ರಿಯೂನಿಯನ್ ಆಡಳಿತವು ಹವಳದೊಳಗಿನ ತಿಳಿಕೊಳ ಮತ್ತು ಕಾವಲಿರುವ ಜಾಗ ಬಿಟ್ಟು ಬೇರೆಡೆ ಸರ್ಫಿಂಗ್ ನಿಷೇಧಿಸಿತು. ಇನ್ನು, ಎಡದ ಅಲೆಯಲ್ಲಿ ಬಲಗಾಲು ಮುಂದಿಡುವವರಿಗೆ ಅಲೆ ಮುಖದ ಎದುರಿಗಿರುತ್ತದೆ, ಎಡಗಾಲಿನವರಿಗೆ ಬೆನ್ನ ಹಿಂದೆ. ಊಟದ ಮಣೆಯ ಮೇಲೆ ನಿಂತು ಪರೀಕ್ಷಿಸಿದೆ. ನನ್ನದು ಎಡಗಾಲು. ಮಣೆ ಈಗ ಎರಡು ತುಂಡಾಗಿದೆ.