ನಂದಿ ಬೆಟ್ಟ ಇಳಿದ ಮೇಲೆ

ಕೇಳುಗರಿಗೆ ನಮಸ್ಕಾರ.

ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ರಸ್ತೆ ನೋಡಿದ್ದೀರಾ? ಸಾಲು ಸಾಲು ಕಾರು, ಬೈಕು. ಬೆಂಗಳೂರಿನಿಂದ ಕತ್ತಲಲ್ಲೇ ಹೊರಟು ಬರುತ್ತಾರೆ. ಸೂರ್ಯ ಹುಟ್ಟುವುದನ್ನು ನೋಡುತ್ತಾರೆ, ಮಂಜಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ, ದಾರಿಯಲ್ಲಿ ಇಡ್ಲಿ ವಡೆ ತಿಂದು ಸೀದಾ ಮನೆಗೆ ಹೋಗುತ್ತಾರೆ. ಬೆಟ್ಟದ ಬುಡದಲ್ಲೇ 1200 ವರ್ಷದ ದೇವಸ್ಥಾನ ಇದೆ. ಅದರ ಆಚೆ ಸ್ವಲ್ಪ ದೂರದಲ್ಲೇ ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ ಇದೆ. ಎಷ್ಟೋ ಜನ ಆ ಕಡೆ ಗಾಡಿ ತಿರುಗಿಸುವುದೇ ಇಲ್ಲ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವರೂ ಏನು ಕಡಿಮೆ ಇಲ್ಲ ಬಿಡಿ. ಪಕ್ಕದಲ್ಲೇ ಇದೆಯಲ್ಲ, ಯಾವಾಗಾದರೂ ನೋಡಿದರಾಯಿತು ಅಂತ ಅಂದುಕೊಂಡೇ ವರ್ಷಗಳು ಹೋಗುತ್ತವೆ.

ಗೈಡ್ ಇಲ್ಲದೆ, ಟೂರ್ ಪ್ಯಾಕೇಜ್ ಇಲ್ಲದೆ, ಮನೆಯವರೇ ಸೇರಿಕೊಂಡು ಇಂಥ ಜಾಗಗಳನ್ನು ನೋಡಿ ಬರುವುದು ಹೇಗೆ ಅಂತ ಇವತ್ತು ಮಾತಾಡೋಣ.

ಸಾಮಾನ್ಯವಾಗಿ ನಾವು ಪ್ಲ್ಯಾನ್ ಮಾಡುವುದು ಕಿಲೋಮೀಟರ್ ಲೆಕ್ಕದಲ್ಲಿ. ಇಲ್ಲಿಂದ ಅಲ್ಲಿಗೆ ಇಷ್ಟು, ಅಲ್ಲಿಂದ ಮುಂದಕ್ಕೆ ಇಷ್ಟು, ಒಂದು ದಿನಕ್ಕೆ ಆರೇಳು ಜಾಗ ಮುಗಿಸಿಬಿಡಬಹುದು ಅಂತ. ಆದರೆ ದಿನ ಕೆಡುವುದು ದೂರದಿಂದ ಅಲ್ಲ, ಮುಚ್ಚಿದ ಬಾಗಿಲಿನಿಂದ. ನಮ್ಮ ಕಡೆ ದೇವಸ್ಥಾನಗಳಲ್ಲಿ ಮಧ್ಯಾಹ್ನದ ಮಂಗಳಾರತಿ ಆದ ಮೇಲೆ ಗರ್ಭಗುಡಿ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಸಂಜೆಗೇ. ವಸ್ತುಸಂಗ್ರಹಾಲಯಗಳದ್ದು ಬೇರೆ ಲೆಕ್ಕ. ಅವು ಬಾಗಿಲು ತೆಗೆಯುವುದು ಬೆಳಿಗ್ಗೆ ಒಂಬತ್ತು, ಹತ್ತರ ಮೇಲೆ. ವಾರಕ್ಕೊಂದು ದಿನ ರಜೆ ಇರಬಹುದು, ಸರ್ಕಾರಿ ರಜೆಯ ದಿನವೂ ಮುಚ್ಚಿರಬಹುದು. ಹಾಗಾಗಿ ಬೆಳಿಗ್ಗೆ ದೇವಸ್ಥಾನ, ಬಿಸಿಲಿನ ಹೊತ್ತಿಗೆ ಸೂರಿನ ಕೆಳಗಿರುವ ಮ್ಯೂಸಿಯಂ, ಸಂಜೆಗೆ ಇನ್ನೊಂದು ದೇವಸ್ಥಾನ. ದಿನಕ್ಕೆ ಮೂರು ಜಾಗ ಸಾಕು. ಹೊರಡುವ ಹಿಂದಿನ ದಿನ ಒಂದು ಫೋನ್ ಮಾಡಿ ಕೇಳಿಬಿಡಿ. ಇಂಟರ್ನೆಟ್ಟಿನಲ್ಲಿ ಹಾಕಿರುವ ಟೈಮು ಹಳೆಯದಾಗಿರಬಹುದು, ಅದನ್ನು ನಂಬಿಕೊಂಡು ಅಜ್ಜಿ ತಾತಂದಿರನ್ನು ಹೊರಡಿಸಬೇಡಿ.

ಮೊದಲನೆಯದು ನಂದಿ ಗ್ರಾಮದ ಭೋಗನಂದೀಶ್ವರ. ಬಸ್ಸಲ್ಲಿ ಬರುವವರು ಗಮನಿಸಿ: ಬೆಟ್ಟದ ಬಸ್ಸು ಬೇರೆ, ಊರಿನ ಬಸ್ಸು ಬೇರೆ. ಕಂಡಕ್ಟರ್‌ಗೆ ಬರೀ ನಂದಿ ಅನ್ನಬೇಡಿ, ನಂದಿ ಗ್ರಾಮ, ಭೋಗನಂದೀಶ್ವರ ದೇವಸ್ಥಾನ ಅಂತಲೇ ಹೇಳಿ. ರೈಲಿನವರಿಗೆ ನಂದಿ ಹಾಲ್ಟ್ ಇದೆ. ಆದರೆ ಆ ದಾರಿಯಲ್ಲಿ ರೈಲು ಕಡಿಮೆ, ವಾಪಸ್ ರೈಲು ಎಷ್ಟು ಹೊತ್ತಿಗೆ ಅಂತ ನೋಡಿಕೊಂಡೇ ಇಳಿಯಿರಿ.

ಒಳಗೆ ಹೋದ ತಕ್ಷಣ ದರ್ಶನಕ್ಕೆ ನುಗ್ಗಬೇಡಿ. ಅಂಗಳದಲ್ಲಿ ನಿಂತು ಒಮ್ಮೆ ಪೂರ್ತಿ ನೋಡಿ. ಅಕ್ಕಪಕ್ಕ ಎರಡು ದೊಡ್ಡ ಗುಡಿಗಳಿವೆ. ದಕ್ಷಿಣದ್ದು ಅರುಣಾಚಲೇಶ್ವರ, ಉತ್ತರದ್ದು ಭೋಗನಂದೀಶ್ವರ. ಎರಡಕ್ಕೂ ಎದುರಿಗೆ ನಂದಿ ಮಂಟಪ. ಎರಡರ ನಡುವೆ ಸಣ್ಣದೊಂದು ಗುಡಿ, ಉಮಾಮಹೇಶ್ವರನದು. ಇದೆಲ್ಲ ಒಂದೇ ಕಾಲದ್ದಲ್ಲ. ಇಲ್ಲಿನ ಶಾಸನಗಳು ಒಂಬತ್ತನೇ ಶತಮಾನದ ಶುರುವಿಗೆ ಹೋಗುತ್ತವೆ. ಬಾಣ ಅರಸನ ರಾಣಿ ರತ್ನಾವಳಿ ಇಲ್ಲಿ ಶಿವನ ಗುಡಿ ಕಟ್ಟಿಸಿದಳು ಅಂತ 810ರ ತಾಮ್ರಪಟ ಹೇಳುತ್ತದೆ. ಆಮೇಲೆ ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು. ಹಳೇ ಮನೆಗೆ ತಲೆಮಾರಿಗೊಂದು ಕೋಣೆ ಸೇರಿಸಿಕೊಂಡು ಹೋದ ಹಾಗೆ ಇದೆ ಈ ದೇವಸ್ಥಾನ. ಕಂಬದಿಂದ ಕಂಬಕ್ಕೆ ಕೆಲಸ ಬದಲಾಗುವುದು ಕಣ್ಣಿಗೇ ಕಾಣುತ್ತದೆ.

ನಡುವಿನ ಉಮಾಮಹೇಶ್ವರ ಗುಡಿಯ ಮುಂದೆ ಕಲ್ಯಾಣ ಮಂಟಪ ಇದೆ. ನನಗೆ ಕೇಳಿದರೆ ಇಡೀ ದಿನದಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಾದ ಜಾಗ ಇದೇ. ನಾಲ್ಕು ಕರಿಕಲ್ಲಿನ ಕಂಬಗಳು. ಒಂದೊಂದರಲ್ಲೂ ಒಂದೊಂದು ದಂಪತಿ. ಶಿವ ಪಾರ್ವತಿ, ಬ್ರಹ್ಮ ಸರಸ್ವತಿ, ವಿಷ್ಣು ಲಕ್ಷ್ಮಿ, ಮತ್ತೆ ಅಗ್ನಿ ಸ್ವಾಹಾದೇವಿ. ಮದುವೆ ಮಂಟಪದಲ್ಲಿ ಅಗ್ನಿಯನ್ನೂ ಹೆಂಡತಿ ಸಮೇತ ಕೂರಿಸಿದ ಆ ಶಿಲ್ಪಿಯ ಬುದ್ಧಿಗೆ ಏನು ಹೇಳೋಣ! ಹತ್ತಿರ ಹೋಗಿ ನೋಡಿ, ಬಳ್ಳಿಯ ಸುಳಿ, ಕೊರಳ ಸರ, ಬೆರಳಿನ ಗೆಣ್ಣು ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಮುಟ್ಟಬೇಡಿ ಅಷ್ಟೇ. ಹೊರಗೋಡೆಯ ಕಲ್ಲಿನ ಕಿಟಕಿಗಳನ್ನೂ ಮರೆಯಬೇಡಿ. ದಕ್ಷಿಣದ ಕಡೆ ಕುಣಿಯುವ ಶಿವ, ಉತ್ತರದ ಕಡೆ ಕೋಣದ ತಲೆಯ ಮೇಲೆ ನಿಂತ ದುರ್ಗೆ. ಗಾಳಿ ಬೆಳಕಿಗೆ ಅಂತ ಬಿಟ್ಟ ಸಂದಿಯಲ್ಲೇ ಇಷ್ಟು ಕೆಲಸ ಮಾಡಿದ್ದಾರೆ.

ಊರವರು ಹೇಳುವ ಕತೆ ಗೊತ್ತಿದ್ದರೆ ನೋಡುವುದಕ್ಕೆ ಇನ್ನೂ ಚೆಂದ. ಅರುಣಾಚಲೇಶ್ವರ ಅಂದರೆ ಶಿವನ ಬಾಲ್ಯ. ಭೋಗನಂದೀಶ್ವರ ಯೌವನ. ಬೆಟ್ಟದ ಮೇಲಿರುವ ಯೋಗನಂದೀಶ್ವರ ಎಲ್ಲ ಬಿಟ್ಟು ಕೂತವನು. ಅದಕ್ಕೇ ಹೊಸದಾಗಿ ಮದುವೆಯಾದವರು ಕೆಳಗಿನ ದೇವಸ್ಥಾನಕ್ಕೆ ಬರುತ್ತಾರೆ. ಸೂರ್ಯೋದಯಕ್ಕೆ ಅಂತ ಮೇಲೆ ಹೋದವರು ಯೋಗವನ್ನು ನೋಡಿಕೊಂಡು ಭೋಗವನ್ನು ಬಿಟ್ಟು ಹೋಗುತ್ತಾರೆ, ಅಲ್ವಾ?

ಪಕ್ಕದ ಬಾಗಿಲಿನಿಂದ ಆಚೆ ಹೋದರೆ ಕಲ್ಯಾಣಿ. ಹೆಸರು ಶೃಂಗಿ ತೀರ್ಥ. ನಂದಿ ತನ್ನ ಕೊಂಬಿನಿಂದ ನೆಲ ಬಗೆದು ಗಂಗೆಯನ್ನು ಬರಿಸಿದ ಅಂತ ಕತೆ. ನಾಲ್ಕೂ ಕಡೆ ಮಂಟಪ, ಮೆಟ್ಟಿಲು. ಮಕ್ಕಳಿದ್ದರೆ ಕೈ ಹಿಡಿದುಕೊಳ್ಳಿ.

ಇನ್ನೊಂದು ಮಾತು. ಮಾರ್ಚ್, ಏಪ್ರಿಲ್‌ನಲ್ಲಿ ಹನ್ನೊಂದು ಗಂಟೆ ಆಗುವಷ್ಟರಲ್ಲಿ ಅಂಗಳದ ಕಲ್ಲು ಕಾದಿರುತ್ತದೆ. ಚಪ್ಪಲಿ ಹೊರಗೆ. ಒಂದು ಜೊತೆ ಹಳೇ ಕಾಲುಚೀಲ ಚೀಲದಲ್ಲಿರಲಿ. ಮಂಗಳಾರತಿ ತಟ್ಟೆಗೆ, ಪಾರ್ಕಿಂಗಿಗೆ ಸ್ವಲ್ಪ ಚಿಲ್ಲರೆ ಇಟ್ಟುಕೊಳ್ಳಿ. ಗರ್ಭಗುಡಿಯ ಫೋಟೋ ಬೇಡ, ಬೇರೆ ಕಡೆ ತೆಗೆಯಬೇಕಾದರೂ ಅರ್ಚಕರನ್ನು ಒಂದು ಮಾತು ಕೇಳಿ. ಬಾಗಿಲ ಹತ್ತಿರ ಪುರಾತತ್ವ ಇಲಾಖೆಯ ಬೋರ್ಡ್ ಇರುತ್ತದೆ. ಎಲ್ಲರೂ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಓದುವವರು ಕಡಿಮೆ. ಜೊತೆಗೆ ಬಂದ ಮಕ್ಕಳ ಕೈಲಿ ಜೋರಾಗಿ ಓದಿಸಿ. ನಿಮಗೆ ಗೈಡ್ ಸಿಕ್ಕ ಹಾಗಾಯಿತು.

ಬಿಸಿಲೇರಿದ ಮೇಲೆ ಮುದ್ದೇನಹಳ್ಳಿಗೆ ಹೊರಡಿ. ಇದೂ ಚಿಕ್ಕಬಳ್ಳಾಪುರಕ್ಕೆ ಹತ್ತಿರವೇ. ವಿಶ್ವೇಶ್ವರಯ್ಯನವರ ಹುಟ್ಟೂರು. ಅವರ ಮನೆಯನ್ನೇ ವಸ್ತುಸಂಗ್ರಹಾಲಯ ಮಾಡಿದ್ದಾರೆ. 1912ರಿಂದ 1918ರವರೆಗೆ ಮೈಸೂರಿನ ದಿವಾನರು, 1955ರಲ್ಲಿ ಭಾರತ ರತ್ನ. ಕೃಷ್ಣರಾಜಸಾಗರದ ಫೋಟೋ, ಪದಕ, ಬಿರುದು ಎಲ್ಲ ಅಲ್ಲಿವೆ. ಆದರೆ ಸಣ್ಣ ಸಾಮಾನುಗಳನ್ನು ನೋಡಿ. ಕನ್ನಡಕ, ಕಪ್ಪುಗಳು, ಮತ್ತೆ ಅವರ ವಿಸಿಟಿಂಗ್ ಕಾರ್ಡ್ ಅಚ್ಚು ಹಾಕುತ್ತಿದ್ದ ಒಂದು ಅಚ್ಚುಮೊಳೆ. ದೊಡ್ಡ ಅಣೆಕಟ್ಟಿನ ಫೋಟೋಗಿಂತ ಈ ಪುಟ್ಟ ಅಚ್ಚೇ ಆ ಮನುಷ್ಯನ ಅಚ್ಚುಕಟ್ಟನ್ನು ಹೇಳುತ್ತದೆ ಅಂತ ನನಗನ್ನಿಸುತ್ತದೆ. ಅವರ ಸಮಾಧಿಯೂ ಅದೇ ಊರಲ್ಲಿದೆ. ಸೆಪ್ಟೆಂಬರ್ 15, ಅಂದರೆ ಇಂಜಿನಿಯರ್‌ಗಳ ದಿನ, ಇಲ್ಲಿ ಜನ ಜಾಸ್ತಿ. ನಿಧಾನವಾಗಿ ನೋಡಬೇಕು ಅನ್ನುವವರು ಆ ದಿನ ಬಿಟ್ಟು ಬನ್ನಿ.

ಊಟ ಚಿಕ್ಕಬಳ್ಳಾಪುರದಲ್ಲೇ ಮುಗಿಸಿಕೊಳ್ಳಿ. ಅಲ್ಲಿಂದ ಗೌರಿಬಿದನೂರು ದಾರಿ ಹಿಡಿಯಿರಿ. ಅದನ್ನು ದಾಟಿ ಹಿಂದೂಪುರದ ಕಡೆ ಸ್ವಲ್ಪ ಹೋದರೆ ವಿದುರಾಶ್ವತ್ಥ. ದೇವಸ್ಥಾನ, ಮ್ಯೂಸಿಯಂ ಎರಡೂ ಒಂದೇ ಕಡೆ ಸಿಗುವ ಊರು ಇದು.

ವಿದುರ ನೆಟ್ಟ ಅಶ್ವತ್ಥ ಮರ ಅಂತ ಊರಿಗೆ ಆ ಹೆಸರು. ಆ ಹಳೇ ಮರ 2001ರಲ್ಲಿ ಬಿದ್ದುಹೋಯಿತು. ಆದರೆ ಹರಕೆ ನಿಂತಿಲ್ಲ. ನಾಗರ ಕಲ್ಲುಗಳು ಸಾಲುಸಾಲಾಗಿ, ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಅರಿಶಿನ ಕುಂಕುಮ ಮೆತ್ತಿದವು, ಸವೆದು ಹೆಡೆಯೇ ಕಾಣದಂಥವು, ಮೊನ್ನೆ ಮೊನ್ನೆ ಪ್ರತಿಷ್ಠೆ ಮಾಡಿದಂಥ ಹೊಸವು. ಮಕ್ಕಳಾಗಲಿ ಅಂತ, ದೋಷ ಕಳೆಯಲಿ ಅಂತ ಕರ್ನಾಟಕದವರೂ ಆಂಧ್ರದವರೂ ಬರುತ್ತಾರೆ. ಇಲ್ಲಿ ಕನ್ನಡ, ತೆಲುಗು ಎರಡೂ ಓಡುತ್ತವೆ.

ಇದೇ ಊರಲ್ಲಿ 1938ರ ಏಪ್ರಿಲ್ 25ರಂದು ಗುಂಡು ಹಾರಿತು. ಅದೇ ತಿಂಗಳು ಮದ್ದೂರಿನ ಹತ್ತಿರ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಗಿತ್ತು. ಇಲ್ಲಿಯೂ ಬಾವುಟ ಹಾರಿಸಬೇಕು ಅಂತ ಜನ ಸೇರಿದರು, ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸರ್ಕಾರದ ಲೆಕ್ಕದಲ್ಲಿ ಒಂದಿಷ್ಟು, ಜನರ ಲೆಕ್ಕದಲ್ಲಿ ಅದಕ್ಕಿಂತ ಜಾಸ್ತಿ. ದಕ್ಷಿಣದ ಜಲಿಯನ್‌ವಾಲಾ ಬಾಗ್ ಅಂತ ಕರೆಯುವುದು ಅದಕ್ಕೇ. ಆಮೇಲೆ ಸರ್ದಾರ್ ಪಟೇಲರು ಮೈಸೂರು ಸಂಸ್ಥಾನಕ್ಕೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತಾಡಿ ಒಪ್ಪಂದ ಆಯಿತು. ಈಗ ಇಲ್ಲಿ ಹುತಾತ್ಮರ ಸ್ಮಾರಕ, ಉದ್ಯಾನ ಇದೆ. ವೀರಸೌಧದಲ್ಲಿ ಸ್ವಾತಂತ್ರ್ಯ ಹೋರಾಟದ ಚಿತ್ರಗಳನ್ನು ಇಟ್ಟಿದ್ದಾರೆ. ಮೊದಲು ವೀರಸೌಧ ನೋಡಿ, ಆಮೇಲೆ ದೇವಸ್ಥಾನಕ್ಕೆ ಹೋಗಿ. ಸಂಜೆ ಬೇಗ ಬಾಗಿಲು ಹಾಕುವುದು ಮ್ಯೂಸಿಯಮ್ಮೇ. ದೇವರು ಇನ್ನೂ ಸ್ವಲ್ಪ ಹೊತ್ತು ಕಾಯುತ್ತಾನೆ.

ದಾರಿಯಲ್ಲಿ ಕೈವಾರ ಸೇರಿಸಿಕೊಳ್ಳಬಹುದಾ ಅಂತ ಕೇಳುತ್ತಾರೆ. ಬೇಡ. ಅದು ಚಿಂತಾಮಣಿ ಕಡೆ, ದಿಕ್ಕೇ ಬೇರೆ. ಅಲ್ಲಿನ ತಾತಯ್ಯನವರ, ಅಂದರೆ ಯೋಗಿ ನಾರೇಯಣರ ಸನ್ನಿಧಿಗೆ ಒಂದು ದಿನ ಇಟ್ಟುಕೊಂಡೇ ಹೋಗಿ.

ಕೋಲಾರಕ್ಕೂ ಹಾಗೇ, ಒಂದು ದಿನ ಬೇರೆ ಬೇಕು. ಅಂತರಗಂಗೆಯನ್ನು ಬೆಳಿಗ್ಗೆಯೇ ಮುಗಿಸಿ. ಮೆಟ್ಟಿಲು ಹತ್ತಬೇಕು, ಕೋತಿಗಳ ಕಾಟ ಬೇರೆ, ಕೈಯಲ್ಲಿ ಬಾಳೆಹಣ್ಣಿನ ಕವರ್ ಹಿಡಿದರೆ ಅದು ನಿಮ್ಮದಲ್ಲ. ಆಮೇಲೆ ಕೋಲಾರಮ್ಮನ ಗುಡಿ, ಅಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ, ಚೇಳಿನ ದೇವತೆ ಚೇಳಮ್ಮನ ಸನ್ನಿಧಿ ಇದೆ. ಊರೊಳಗೇ ವಿಜಯನಗರ ಕಾಲದ ಸೋಮೇಶ್ವರ ದೇವಸ್ಥಾನವೂ ಇದೆ. ಹೈದರಾಲಿಯ ತಂದೆಯ ಮಖ್ಬರಾ, ಅಂದರೆ ಗೋರಿ, ಕೂಡ ಈ ಊರಲ್ಲೇ. ಮಧ್ಯಾಹ್ನದ ಮೇಲೆ ಮುಳಬಾಗಿಲು. ದೋಸೆ ತಿನ್ನದೆ ಮುಂದಕ್ಕೆ ಹೋಗುವವರು ಯಾರೂ ಇಲ್ಲ, ಅದನ್ನು ನಾನು ಹೇಳಬೇಕಾಗಿಲ್ಲ. ಅಲ್ಲಿಂದ ಕುರುಡುಮಲೆ. ದೊಡ್ಡ ಗಣಪನಿಗೆ ಕೈ ಮುಗಿದು ಹಾಗೇ ವಾಪಸ್ ಬಂದುಬಿಡಬೇಡಿ. ಅದೇ ಊರಲ್ಲಿ ಸೋಮೇಶ್ವರನ ಗುಡಿ ಇದೆ. ಅದರಲ್ಲಿ ಅರ್ಧ ಜಕಣಾಚಾರಿ ಕೆತ್ತಿದ್ದು, ಇನ್ನರ್ಧ ಅವನ ಮಗ ಡಂಕಣ ಕೆತ್ತಿದ್ದು ಅಂತ ಊರವರು ಹೇಳುತ್ತಾರೆ. ಒಂದು ಸುತ್ತು ಹಾಕಿ, ಅಪ್ಪನ ಕೆಲಸ ಯಾವುದು, ಮಗನದು ಯಾವುದು ಅಂತ ನೀವೇ ಹುಡುಕಿ.

ನಮಸ್ಕಾರ.