ಚಿತ್ರಗಳ ನಡುವೆ ಒಬ್ಬನ ನಡಿಗೆ

ಕೇಳುಗರಿಗೆ ನಮಸ್ಕಾರ.

ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಊರು. ಇಬ್ಬರು ಗೆಳೆಯರು ಬೀದಿಯಲ್ಲಿ ಮಾತಾಡುತ್ತಾ ಹೊರಟಿದ್ದರು. ಒಬ್ಬ, ಸಂಗೀತಗಾರ ಮೊಡೆಸ್ಟ್ ಮುಸ್ಸೋರ್ಗ್‌ಸ್ಕಿ. ಇನ್ನೊಬ್ಬ, ಕಟ್ಟಡಗಳ ನಕ್ಷೆ ಹಾಕುತ್ತಿದ್ದ, ಚಿತ್ರವನ್ನೂ ಬಿಡಿಸುತ್ತಿದ್ದ ವಿಕ್ಟರ್ ಹಾರ್ಟ್‌ಮನ್. ಒಂದು ತಿರುವಿನಲ್ಲಿ ಹಾರ್ಟ್‌ಮನ್ ನಿಂತುಬಿಟ್ಟ. ಮುಖ ಬಿಳಿಚಿಕೊಂಡಿತು. ಉಸಿರು ಹಿಡಿದಂತಾಗಿ ಗೋಡೆಗೆ ಒರಗಿದ. ಸ್ವಲ್ಪ ಸುಧಾರಿಸಿಕೋ, ಆಮೇಲೆ ಹೋಗೋಣ ಅಂದ ಗೆಳೆಯ. 1873ರಲ್ಲಿ ಹಾರ್ಟ್‌ಮನ್ ತೀರಿಕೊಂಡ, ವಯಸ್ಸು ಬರೀ 39. ಆ ದಿನ ನನಗೆ ಯಾಕೆ ಹೊಳೆಯಲಿಲ್ಲ ಅಂತ ಮುಸ್ಸೋರ್ಗ್‌ಸ್ಕಿ ಕಾಗದ ಬರೆದು ಹಲುಬಿದ.

ಮರುವರ್ಷ ಗೆಳೆಯರೆಲ್ಲ ಸೇರಿ ಹಾರ್ಟ್‌ಮನ್ ಚಿತ್ರಗಳ ಪ್ರದರ್ಶನ ಇಟ್ಟರು. ಅದನ್ನು ನೋಡಿದ ಮುಸ್ಸೋರ್ಗ್‌ಸ್ಕಿ 1874ರ ಜೂನ್‌ನಲ್ಲಿ ಕೂತು, ಮೂರೇ ವಾರದಲ್ಲಿ 'ಪಿಕ್ಚರ್ಸ್ ಅಟ್ ಆನ್ ಎಕ್ಸಿಬಿಷನ್' ಅನ್ನೋ ಸಂಗೀತ ಕೃತಿ ಬರೆದು ಮುಗಿಸಿದ. ಹತ್ತು ಚಿತ್ರ, ನುಡಿಸಲು ಒಂದೇ ಪಿಯಾನೋ.

ಆದರೆ ಮೊದಲು ಕೇಳಿಸುವುದು ಚಿತ್ರವಲ್ಲ, ನಡಿಗೆ. 'ಪ್ರೊಮೆನೇಡ್' ಅಂತ ಅದರ ಹೆಸರು. ಬೆರಳು ಎಣಿಸಿ ನೋಡಿ: ಒಮ್ಮೆ ಐದು ಎಣಿಕೆ, ಮತ್ತೆ ಆರು, ಮತ್ತೆ ಐದು. ತಾಳ ಹಾಕಲು ಹೋದರೆ ಕೈ ತಪ್ಪುತ್ತದೆ. ಪ್ರದರ್ಶನ ನೋಡುವವರು ಹಾಗೇ ನಡೆಯುವುದು, ಅಲ್ವಾ? ನಾಲ್ಕು ಹೆಜ್ಜೆ ಬೇಗ, ಆಮೇಲೆ ಸುಮ್ನೆ ನಿಂತು ನೋಡುವುದು. ಮಧ್ಯೆ ಮಧ್ಯೆ ಬರುವ ಈ ನಡಿಗೆಯಲ್ಲಿ ನನ್ನ ಮುಖ ಕಾಣುತ್ತದೆ ಅಂತ ಮುಸ್ಸೋರ್ಗ್‌ಸ್ಕಿಯೇ ಹೇಳಿಕೊಂಡಿದ್ದಾನೆ.

ಕುಳ್ಳ ಕುಂಟ, ಹಳೇ ಕೋಟೆ, ಮೊಟ್ಟೆಯೊಳಗೇ ಕುಣಿಯುವ ಕೋಳಿಮರಿ ಎಲ್ಲ ಇವೆ. ನನಗೆ ಜಾಸ್ತಿ ಇಷ್ಟ ಎತ್ತಿನ ಗಾಡಿ. ಹೆಸರು 'ಬಿದ್ವೊ', ಪೋಲಿಷ್ ಮಾತಲ್ಲಿ ದನ ಅಂತ. ಎಡಗೈ ಕೆಳಗಿನ ದಪ್ಪ ಸ್ವರಗಳನ್ನು ಒಂದೇ ಸಮ ಒತ್ತುತ್ತದೆ. ಗಾಲಿ ಕೆಸರಲ್ಲಿ ಹೂತು ಎದ್ದ ಹಾಗೆ. ಮುಸ್ಸೋರ್ಗ್‌ಸ್ಕಿ ಬರೆದಿದ್ದು ಶುರುವಿಗೇ ಜೋರಾಗಿ. ಗಾಡಿ ನಿಮ್ಮ ಮುಂದೆಯೇ ನಿಂತಿರುತ್ತದೆ, ಆಮೇಲೆ ದೂರ ಹೋಗುತ್ತದೆ. 1881ರಲ್ಲಿ ಅವನೂ ಹೋದ. 1886ರಲ್ಲಿ ಇದು ಅಚ್ಚಾದಾಗ ತಿದ್ದಿದ ಇನ್ನೊಬ್ಬ ರಷ್ಯನ್ ಸಂಗೀತಗಾರ ರಿಮ್‌ಸ್ಕಿ ಕೊರ್ಸಕೊವ್, ಗಾಡಿ ದೂರದಿಂದ ಮೆಲ್ಲಗೆ ಬರುವಂತೆ ಮಾಡಿದ. 1922ರಲ್ಲಿ ಫ್ರಾನ್ಸಿನ ರಾವೆಲ್ ಇದನ್ನು ವಾದ್ಯಮೇಳಕ್ಕೆ ಅಳವಡಿಸಿದಾಗಲೂ ಅದೇ ಉಳಿಯಿತು. ರಾವೆಲ್‌ನದು ಬಲು ಸೊಗಸು, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ ನಡಿಗೆಯನ್ನು ಕಹಳೆ ಊದುತ್ತದೆ. ಗೆಳೆಯನನ್ನು ಕಳಕೊಂಡವನ ಹೆಜ್ಜೆ ಮೆರವಣಿಗೆಯಾಗಿಬಿಡುತ್ತದೆ.

ಪ್ಯಾರಿಸ್‌ನ ನೆಲಮಾಳಿಗೆ ಸ್ಮಶಾನದ ಚಿತ್ರ ಬಂದಾಗ ಕಿವಿ ಕೊಡಿ. ಆ ಚಿತ್ರದಲ್ಲಿ ಹಾರ್ಟ್‌ಮನ್ ತನ್ನನ್ನೇ ಬರೆದುಕೊಂಡಿದ್ದ. ಅದು ಮುಗಿದ ಕೂಡಲೇ ಬಲಗೈ ಮೇಲಿನ ಸ್ವರಗಳಲ್ಲಿ ನಡುಗುತ್ತದೆ. ಕೆಳಗೆ ಅದೇ ನಡಿಗೆ, ತೀರಾ ಮೆತ್ತಗೆ. ಹಾರ್ಟ್‌ಮನ್ ನನ್ನನ್ನು ತಲೆಬುರುಡೆಗಳ ಹತ್ತಿರ ಕರೆದೊಯ್ಯುತ್ತಿದ್ದಾನೆ ಅಂತ ಹಸ್ತಪ್ರತಿಯಲ್ಲಿ ಟಿಪ್ಪಣಿ ಇದೆ. ಅಲ್ಲಿಯವರೆಗೆ ನೋಡುತ್ತಾ ಹೊರಗೆ ನಿಂತಿದ್ದವನು ಚಿತ್ರದೊಳಗೆ ಇಳಿದಿದ್ದಾನೆ.

ಈಗ ಕೇಳೋಣ. 1958ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ಪಿಯಾನೋ ವಾದಕ ಸ್ವ್ಯಾತೊಸ್ಲಾವ್ ರಿಕ್ಟರ್ ಸಭಿಕರ ಮುಂದೆ ನುಡಿಸಿದ್ದು. ಚಳಿಗಾಲ, ಸಭೆಯಲ್ಲಿ ಸಿಕ್ಕಾಪಟ್ಟೆ ಕೆಮ್ಮು. ನಿಮ್ಮ ರೇಡಿಯೋ ಕೆಟ್ಟಿದೆ ಅಂದುಕೊಳ್ಳಬೇಡಿ.