ಮಣ್ಣಿನ ಬಣ್ಣ ನೋಡಿ

ಕೇಳುಗರೇ, ನಮಸ್ಕಾರ. ನೀರಿನ ಪೈಪ್ ಹಾಕಲು ರಸ್ತೆ ಅಗೆದರೆ ನಾವು ಬೈದುಕೊಂಡು ದಾಟಿ ಹೋಗುತ್ತೇವೆ, ಅಲ್ವಾ? 1960ರಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಫಿಶ್‌ಬೋರ್ನ್ ಎಂಬ ಊರಲ್ಲೂ ನೀರಿನ ಪೈಪಿಗೆಂದು ಹೊಲ ಅಗೆಯುತ್ತಿದ್ದರು. ಮಣ್ಣಿನೊಳಗಿಂದ ರೋಮನ್ನರ ಕಾಲದ ಕಟ್ಟಡದ ಚೂರುಗಳು ಬಂದವು. ಮರುವರ್ಷ ಉತ್ಖನನ ಶುರು. ಮುಂದಾಳು ಬ್ಯಾರಿ ಕನ್ಲಿಫ್, ಆಗಿನ್ನೂ ಇಪ್ಪತ್ತೊಂದರ ವಿದ್ಯಾರ್ಥಿ.

ಸಿಕ್ಕಿದ್ದು ಬರೀ ಮನೆಯಲ್ಲ, ಅರಮನೆ. ನಮ್ಮ ತೊಟ್ಟಿ ಮನೆ ನೆನೆಸಿಕೊಳ್ಳಿ. ನಡುವಿನ ತೊಟ್ಟಿಯ ಜಾಗದಲ್ಲಿ ದೊಡ್ಡ ತೋಟ, ಸುತ್ತ ನಾಲ್ಕು ಕಡೆ ಕಟ್ಟಡ. ಒಂದೊಂದು ಬದಿ ಹೆಚ್ಚುಕಡಿಮೆ 150 ಮೀಟರ್. ಕಟ್ಟಿದ್ದು ಕ್ರಿ.ಶ. 75ರ ಸುಮಾರಿಗೆ. ನೆಲದ ತುಂಬ ಸಣ್ಣ ಸಣ್ಣ ಕಲ್ಲು ಕೂಡಿಸಿದ ಮೊಸಾಯಿಕ್ ಚಿತ್ರ. ಡಾಲ್ಫಿನ್ ಮೇಲೆ ಕೂತ ರೆಕ್ಕೆಯ ಹುಡುಗನ ಚಿತ್ರ ನೋಡಲೆಂದೇ ಜನ ಬರುತ್ತಾರೆ.

ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಆ ತೋಟ. ಅಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ. ಆದರೆ ಅಂದಿನ ಮಾಲಿಗಳು ಬೇಲಿ ಗಿಡ ನೆಡುವ ಮೊದಲು ಪಾತಿ ತೋಡಿ ಒಳ್ಳೆಯ ಮಣ್ಣು ತುಂಬಿದ್ದರು. ಸುತ್ತಲಿನ ನೆಲದ ಬಣ್ಣ ಬೇರೆ, ಪಾತಿಯ ಮಣ್ಣಿನ ಬಣ್ಣ ಬೇರೆ. ಮೇಲ್ಮಣ್ಣು ಹೆರೆದಾಗ ನೇರ ಗೆರೆ, ಅರ್ಧ ಚಂದ್ರ, ಚೌಕ, ಎಲ್ಲ ರಂಗೋಲಿ ಹಾಕಿದ ಹಾಗೆ ಕಂಡವು. ಈಗ ಅದೇ ಗೆರೆಗಳ ಮೇಲೆ ಮತ್ತೆ ಬೇಲಿ ಗಿಡ ನೆಟ್ಟಿದ್ದಾರೆ.

ಮರದ ಮನೆ ಹುಡುಕುವ ಬಗೆಯೂ ಇದೇ. ಕಂಬ ಕೊಳೆತು ಹೋಗುತ್ತದೆ, ಗುಂಡಿ ಉಳಿಯುತ್ತದೆ. ಅದರೊಳಗೆ ಬೇರೆ ಬಣ್ಣದ ಮಣ್ಣು ಕೂತಿರುತ್ತದೆ. ಕರಣೆಯಿಂದ ನಿಧಾನ ಹೆರೆಯುತ್ತಾ ಹೋದರೆ ಕಪ್ಪು ಬೊಟ್ಟು ಇಟ್ಟ ಸಾಲು ಕಾಣುತ್ತದೆ. ಅರಮನೆಯ ಕೆಳಗೆ ಹೀಗೆ ಸಿಕ್ಕಿದ್ದು ಮರದ ಕಣಜಗಳು. ಕಾಳಿಗೆ ತೇವ ತಾಗದಂತೆ ಕಂಬಗಳ ಮೇಲೆ ಎತ್ತರಿಸಿ ಕಟ್ಟಿದವು. ಕ್ರಿ.ಶ. 43ರಲ್ಲಿ ಬ್ರಿಟನ್ ಮೇಲೆ ದಂಡೆತ್ತಿ ಬಂದ ರೋಮನ್ ಸೈನ್ಯದ ಉಗ್ರಾಣ ಇವು ಅಂತ ಲೆಕ್ಕ ಹಾಕಿದರು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಎಷ್ಟೋ ವರ್ಷದ ಮೇಲೆ ಪಕ್ಕದಲ್ಲೇ ಮತ್ತೆ ಅಗೆದಾಗ ಒಂದು ಹಳೆಯ ಅಗಳು ಸಿಕ್ಕಿತು. ಒಳಗೆ ಹೊರದೇಶದಿಂದ ತರಿಸಿದ ನಯವಾದ ಮಡಕೆ ತಟ್ಟೆಗಳ ಚೂರು. ಕಾಲ ಸುಮಾರು ಕ್ರಿ.ಪೂ. 10ರಿಂದ ಕ್ರಿ.ಶ. 25. ಅಂದರೆ ಸೈನ್ಯ ಬರುವ ಮೊದಲೇ ಅಲ್ಲಿ ಜನ ಇದ್ದರು. ರೋಮನ್ ತಟ್ಟೆಯಲ್ಲಿ ಊಟವನ್ನೂ ಮಾಡುತ್ತಿದ್ದರು! ರೋಮನ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಆಳುತ್ತಿದ್ದ ಕಾಲ ಅದು. ಇದೇ ಇಬ್ಬರ ಬೆಳ್ಳಿ ನಾಣ್ಯಗಳು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಸರಕು ಸೈನ್ಯಕ್ಕಿಂತ ಮುಂದೆ ಓಡುತ್ತದೆ, ನೋಡಿ.

ಅರಮನೆಯವರೂ ಸುಮ್ನೆ ಕೂತವರಲ್ಲ. ಒಂದು ಕೋಣೆಯಲ್ಲಿ ಗ್ರೀಕ್ ಪುರಾಣದ, ಹಾವುಗಳೇ ಕೂದಲಾದ ಮೆಡೂಸಾಳ ಮೊಸಾಯಿಕ್ ಇತ್ತು. ದುರಸ್ತಿಗೆಂದು ಅದನ್ನು ಎತ್ತಿದರೆ ಕೆಳಗೆ ಇನ್ನೊಂದು ಮೊಸಾಯಿಕ್! ಕಪ್ಪು ಬಿಳುಪಿನದು, ಕೋಟೆಗೋಡೆಯ ವಿನ್ಯಾಸದ್ದು. ಹಳೇದು ಬೇಸರವಾಯಿತೇನೋ, ಅದರ ಮೇಲೇ ಹೊಸದು ಹಾಕಿಸಿಬಿಟ್ಟಿದ್ದರು.

ಕ್ರಿ.ಶ. 270ರ ಹೊತ್ತಿಗೆ ಬೆಂಕಿ ಬಿತ್ತು. ಆಗ ಒಂದು ಕಡೆ ನೆಲದಡಿ ಬಿಸಿಗಾಳಿ ಹರಿಸಿ ಕೋಣೆ ಬೆಚ್ಚಗಿಡುವ ವ್ಯವಸ್ಥೆ ಕಟ್ಟುತ್ತಿದ್ದರು. ಕೆಲಸ ಅರ್ಧಕ್ಕೇ ನಿಂತಿದೆ, ಇವತ್ತಿಗೂ ಹಾಗೇ ಇದೆ. ಯಾರೂ ತಿರುಗಿ ಕಟ್ಟಲಿಲ್ಲ. ಕಲ್ಲು ಬೇಕಾದವರು ಕಲ್ಲು ಕಿತ್ತೊಯ್ದರು. ಮೇಲೆ ಮಣ್ಣು ಕೂತು ಹೊಲವಾಯಿತು.

ಮೊಸಾಯಿಕ್ ನೆಲದ ಮೇಲೆ ಅಲ್ಲಲ್ಲಿ ಉದ್ದುದ್ದ ಗೀರುಗಳಿವೆ. ನೇಗಿಲಿನವು. ಯಾವುದೋ ಕಾಲದ ರೈತನೊಬ್ಬನಿಗೆ ಕುಳ ಕರಕರ ಅಂದದ್ದು ಕೇಳಿಸಿರಲೇಬೇಕು. ಹಾಳು ಕಲ್ಲು ಅಂತ ಬೈದು, ಎತ್ತುಗಳನ್ನು ಮುಂದಕ್ಕೆ ಹೊಡೆದಿರಬೇಕು.